ಅಂತರಜಾಲ ಶೋಧಕ್ಕೆ ಒಳದಾರಿ ಬೇಕೆ?

ಕೀಲಿಮಣೆಯ ಎರಡು ಕೀಲಿ ಒತ್ತಿದರೆ ಸಾಕು, ಪರದೆಯ ಮೇಲೆ ಪುಟ್ಟ ಪೆಟ್ಟಿಗೆಯೊಂದು ಮೂಡುತ್ತದೆ. ಅದರಲ್ಲಿ ಪದ ಬರೆದರೆ ಅಂತರಜಾಲದಲ್ಲಿ ಶೋಧ ಆರಂಭ. ಇಂಥ ಕೆಲಸಕ್ಕೆಂದೇ ಪುಕ್ಕಟೆ ಸಿಗುವ ಕಿರುತಂತ್ರಾಂಶಗಳು ಹಲವಾರಿವೆ. ಮಕ್ಕಳು ಓದಲು ಬಳಸುವ ಕಂಪ್ಯೂಟರಿಗೆ ಇವು ಅಗತ್ಯವೆ?

ಮೊದಲು ಒಂದು ಸರಳ ಲೆಕ್ಕ. ಪ್ರತಿ ಶೋಧಕ್ಕೆ 5 ಸೆಕೆಂಡು ಉಳಿಯಿತೆನ್ನಿ. ದಿನಕ್ಕೆ 20 ಬಾರಿ ಹುಡುಕಿದರೂ ಉಳಿತಾಯ 100 ಸೆಕೆಂಡು. ಎರಡು ನಿಮಿಷವೂ ಆಗಲಿಲ್ಲ!

ಹಿಂದೆ ಇವುಗಳಿಂದ ನಿಜಕ್ಕೂ ಉಪಯೋಗವಿತ್ತು. 2000ದಲ್ಲಿ ಗೂಗಲ್ ಟೂಲ್‌ಬಾರ್ ಬಂತು. ಇಂಟರ್ನೆಟ್ ಎಕ್ಸ್‌ಪ್ಲೋರರಿನಲ್ಲೇ ಶೋಧಪೆಟ್ಟಿಗೆ ಸೇರಿದ್ದು 2006ರ ಏಳನೆಯ ಆವೃತ್ತಿಯಲ್ಲಿ. ಮುಂದೆ ಬ್ರೌಸರುಗಳಲ್ಲಿ ವಿಳಾಸ ಬರೆಯುವ ಪಟ್ಟಿಯೇ ಶೋಧಕ್ಕೂ ಒದಗಿತು. 2021ರಲ್ಲಿ ಗೂಗಲ್ ತನ್ನ ಟೂಲ್‌ಬಾರನ್ನು ನಿಲ್ಲಿಸಿತು. ಈಗ ವಿಂಡೋಸ್‌ನಲ್ಲಿ ಬ್ರೌಸರ್ ತೆರೆದಿರುವಾಗ ಕಂಟ್ರೋಲ್ ಮತ್ತು ಎಲ್ ಕೀಲಿಗಳನ್ನು ಒಟ್ಟಿಗೆ ಒತ್ತಿ, ಪದ ಬರೆದು ಎಂಟರ್ ಒತ್ತಿದರಾಯಿತು. ಬೇರೆ ತಂತ್ರಾಂಶವೇಕೆ? ದಿನವಿಡೀ ವಿಶ್ವಕೋಶ, ನಿಘಂಟು ನೋಡುವವರು ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಆ ತಾಣಗಳಿಗೆ ಒಂದಕ್ಷರದ ಸಂಕೇತ ಕೊಟ್ಟುಕೊಳ್ಳಬಹುದು.

ಪಾಲಕರು ಗಮನಿಸಬೇಕಾದ ಅಂಶ ಇನ್ನೊಂದಿದೆ. ಪುಕ್ಕಟೆ ತಂತ್ರಾಂಶ ಕೊಟ್ಟವರಿಗೆ ಲಾಭವೇನು? ನಮ್ಮ ಶೋಧವನ್ನು ತಮಗೆ ಬೇಕಾದ ಶೋಧತಾಣಕ್ಕೆ ತಿರುಗಿಸಿದರೆ ಅಲ್ಲಿನ ಜಾಹೀರಾತಿನ ಆದಾಯದಲ್ಲಿ ಕೆಲವರಿಗೆ ಪಾಲು ಸಿಗುತ್ತದೆ. ಅದಕ್ಕಾಗಿ ಕೆಲವು ತಂತ್ರಾಂಶಗಳು ಕೇಳದೆಯೇ ಬ್ರೌಸರಿನ ಮೊದಲ ಪುಟವನ್ನೂ ಬದಲಿಸುತ್ತವೆ. ಬೇರೆ ತಂತ್ರಾಂಶಗಳ ಜೊತೆ ಬರುತ್ತಿದ್ದ ಆಸ್ಕ್ ಟೂಲ್‌ಬಾರಿನ ಹಳೆಯ ಆವೃತ್ತಿಗಳನ್ನು 2015ರಲ್ಲಿ ಮೈಕ್ರೋಸಾಫ್ಟ್ 'ಬೇಡದ ತಂತ್ರಾಂಶ'ಗಳ ಪಟ್ಟಿಗೆ ಸೇರಿಸಿತು. ಆದ್ದರಿಂದ ತಯಾರಕರು ಯಾರೆಂದು ತಿಳಿಯದ ತಂತ್ರಾಂಶವನ್ನು ಹಾಕಿಕೊಳ್ಳದಿರುವುದು ಲೇಸು.

ಇಷ್ಟಕ್ಕೂ ವಿದ್ಯಾರ್ಥಿಯ ಸಮಯ ಹೋಗುವುದು ಪೆಟ್ಟಿಗೆ ತೆರೆಯುವುದರಲ್ಲಲ್ಲ, ಬಂದ ಉತ್ತರಗಳಲ್ಲಿ ಸರಿಯಾದುದನ್ನು ಆರಿಸುವುದರಲ್ಲಿ. ಇಂಗ್ಲಿಷಿನಲ್ಲಿ ಪಾದರಸವೂ ಮರ್ಕ್ಯುರಿ, ಬುಧಗ್ರಹವೂ ಮರ್ಕ್ಯುರಿ. 'ಮರ್ಕ್ಯುರಿಯ ಸಾಂದ್ರತೆ' ಎಂದಷ್ಟೇ ಹುಡುಕಿದರೆ ಎರಡೂ ಸಂಖ್ಯೆಗಳು ಎದುರಾಗಬಹುದು. ಪಾದರಸದ್ದು ಘನ ಸೆಂಟಿಮೀಟರಿಗೆ ಸುಮಾರು 13.6 ಗ್ರಾಂ, ಬುಧಗ್ರಹದ್ದು ಸುಮಾರು 5.4 ಗ್ರಾಂ. ಅವಸರದಲ್ಲಿ ಎರಡನೆಯದನ್ನು ಬರೆದುಕೊಂಡ ಹುಡುಗನ ವಾಯುಭಾರಮಾಪಕದ ಲೆಕ್ಕವೆಲ್ಲ ತಪ್ಪುತ್ತದೆ. 'ದ್ರವ' ಅಥವಾ 'ಲೋಹ' ಎಂಬ ಒಂದು ಪದ ಸೇರಿಸಿದ್ದರೆ ಈ ಗೊಂದಲವಿಲ್ಲ. ನಿಖರವಾದ ಪದಗುಚ್ಛ ಬೇಕಿದ್ದರೆ ಅದನ್ನು ಉದ್ಧರಣ ಚಿಹ್ನೆಗಳ ನಡುವೆ ಬರೆಯಿರಿ. ಸಿಕ್ಕ ಉತ್ತರವನ್ನು ಪಠ್ಯಪುಸ್ತಕದೊಂದಿಗೆ ತಾಳೆ ನೋಡಿ.

ಹುಡುಕುವ ಮೊದಲು ತನಗೆ ಬೇಕಾದುದೇನೆಂದು ಮಗು ಒಂದು ವಾಕ್ಯದಲ್ಲಿ ಬರೆದುಕೊಳ್ಳಲಿ. ಅದಕ್ಕೆ ಅರ್ಧ ನಿಮಿಷ ಹಿಡಿದರೂ ನಷ್ಟವಿಲ್ಲ.