ಹಳೆಯ ಕಾರಿಗೆ ಹೊಸ ಮೈ

ಬೀದರ್ ನಗರದ ಗ್ಯಾರೇಜುಗಳಲ್ಲಾಗಲಿ, ಭಾಲ್ಕಿಯ ಟಿಂಕರಿಂಗ್ ಅಂಗಡಿಗಳಲ್ಲಾಗಲಿ, ಔರಾದಿನ ಟ್ರ್ಯಾಕ್ಟರ್ ರಿಪೇರಿಯ ತಗಡಿನ ಚಪ್ಪರಗಳಲ್ಲಾಗಲಿ ಕೆಲಸ ಕಲಿಯುತ್ತಿರುವ ಹುಡುಗರು ನಮಗೆ ಆಗಾಗ ತಮ್ಮ ಮೊಬೈಲಿನಲ್ಲಿ ಒಂದು ದೃಶ್ಯವನ್ನು ತೋರಿಸುವುದುಂಟು. ಅಸ್ಸಾಮಿನ ಕರೀಂಗಂಜ್ ಜಿಲ್ಲೆಯ ಮೆಕ್ಯಾನಿಕ್ ಒಬ್ಬರು 2021ರಲ್ಲಿ ಹಳೆಯ ಮಾರುತಿ ಸ್ವಿಫ್ಟ್ ಕಾರೊಂದನ್ನು ಇಟಲಿಯ ಲ್ಯಾಂಬೋರ್ಗಿನಿಯ ರೂಪಕ್ಕೆ ತಿರುಗಿಸಿದ ದೃಶ್ಯವದು. ಎಂಟು ತಿಂಗಳ ದುಡಿಮೆ, ಆರು ಲಕ್ಷ ರೂಪಾಯಿಗೂ ಮಿಕ್ಕಿದ ವೆಚ್ಚ. ಮುಂದೆ ಅವರು ಅಂಥದೇ ಇನ್ನೊಂದನ್ನು ಕಟ್ಟಿ ತಮ್ಮ ರಾಜ್ಯದ ಮುಖ್ಯಮಂತ್ರಿಗಳಿಗೆ ಕೊಡುಗೆಯಾಗಿ ನೀಡಿದರು. "ಫಾದರ್, ನಮ್ಮಿಂದ ಆಗಲಾರದೇ?" ಎಂಬುದು ಹುಡುಗರ ಪ್ರಶ್ನೆ. ತಂದೆತಾಯಿಯರ ಪ್ರಶ್ನೆ ಬೇರೆ: ಇಷ್ಟು ಹಣವನ್ನು ಹೊಲ ಅಡವಿಟ್ಟು ಕೊಡಬಹುದೇ? ಎರಡೂ ನ್ಯಾಯವಾದ ಪ್ರಶ್ನೆಗಳೇ ಆದುದರಿಂದ ಈ ವಾರ ಅವನ್ನೇ ವಿಚಾರಕ್ಕೆ ಎತ್ತಿಕೊಂಡಿದ್ದೇವೆ.

ಒಬ್ಬರ ಬುನಾದಿಯ ಮೇಲೆ ಇನ್ನೊಬ್ಬರು ಮೈ ಕಟ್ಟುವುದು ಕಳ್ಳ ಕಸುಬೆಂದು ಭಾವಿಸಬೇಕಾಗಿಲ್ಲ. ಫೆರುಚ್ಚೊ ಲ್ಯಾಂಬೋರ್ಗಿನಿ ರೈತಾಪಿ ಮನೆತನದವರು. 1948ರಿಂದ ಟ್ರ್ಯಾಕ್ಟರುಗಳನ್ನು ತಯಾರಿಸುತ್ತಿದ್ದವರು, 1963ರಲ್ಲಿ ಕಾರಿಗೆ ಕೈಹಾಕಿದರು. 1965ರ ನವೆಂಬರಿನಲ್ಲಿ ಟ್ಯೂರಿನ್ ಪ್ರದರ್ಶನದಲ್ಲಿ ಅವರು ಇರಿಸಿದ್ದು ಮೈಯೇ ಇಲ್ಲದ ಬರೀ ಚಾಸಿಯನ್ನು. ಅದಕ್ಕೆ ಮೈ ತೊಡಿಸಿದವರು ಬೆರ್ತೋನೆ ಎಂಬ ಬಾಡಿ ಕಟ್ಟುವ ಮನೆಯವರು. 1966ರ ಮಾರ್ಚಿನಲ್ಲಿ ಅದೇ ಮಿಯೂರ ಎಂಬ ಹೆಸರಿನಿಂದ ಜಿನೀವಾದಲ್ಲಿ ಲೋಕದ ಮುಂದೆ ಬಂದಿತು. ನಮ್ಮ ದೇಶದ ಲಾರಿಗಳೂ ಬಹುಕಾಲ ಹೀಗೆಯೇ ಅಲ್ಲವೇ? ಕಾರ್ಖಾನೆಯಿಂದ ಚಾಸಿ ಬರುತ್ತಿತ್ತು. ಮರ, ತಗಡು, ಬಣ್ಣಗಳೆಲ್ಲ ಊರಿನ ಮಿಸ್ತ್ರಿಗಳದು.

ಪ್ರತಿಕೃತಿಯ ಕತೆ ಮಾತ್ರ ತುಸು ಭಿನ್ನ. ಅಮೆರಿಕದಲ್ಲಿ 1984ರಿಂದ 1988ರವರೆಗೆ ತಯಾರಾದ ಪಾಂಟಿಯಾಕ್ ಫಿಯೆರೊ ಎಂಬ ಸಾಧಾರಣ ಕಾರು ಈ ಹವ್ಯಾಸಿಗಳ ಅಚ್ಚುಮೆಚ್ಚಿನದಾಯಿತು. ಕಾರಣ ಸರಳ. ಅದರ ಎಂಜಿನ್ ಸೂಪರ್‌ಕಾರುಗಳಲ್ಲಿರುವಂತೆ ಆಸನದ ಹಿಂದೆ ಇತ್ತು; ಪ್ಲಾಸ್ಟಿಕ್ ಹೊದಿಕೆಗಳು ಒಳಗಿನ ಉಕ್ಕಿನ ಗೂಡಿಗೆ ಜೋಡಿಸಿದಂಥವಾಗಿದ್ದವು. ಅವನ್ನು ಕಳಚಿ ಬೇರೆ ತೊಡಿಸಿದರೂ ಗೂಡಿನ ಬಲ ಕುಂದುತ್ತಿರಲಿಲ್ಲ. 2004ರ ಹಿಂದಿ ಚಿತ್ರ 'ಟಾರ್ಜನ್: ದ ವಂಡರ್ ಕಾರ್'ನಲ್ಲಿ ಮಕ್ಕಳು ಬೆರಗಾಗಿ ನೋಡಿದ ಆ ಕಾರು ಯಾರ ನಕಲೂ ಅಲ್ಲ, ಆದರೂ ಎಂಜಿನ್ ನಡುವಿಗಿದ್ದ ಟೊಯೋಟಾ ಎಂಆರ್2 ಕಾರಿನ ಮೇಲೆಯೇ ಅದರ ಮೈ ನಿಂತಿತ್ತು.

ಫೈಬರ್ ಮೈಯ ಕಾರು ನಮ್ಮ ನಾಡಿಗೆ ಹೊಸತೇನಲ್ಲ. ಬೆಂಗಳೂರಿನ ಸಿಪಾನಿ ಸಂಸ್ಥೆ ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರನ್ನು ಆಧರಿಸಿ 1982ರಲ್ಲಿ ಡಾಲ್ಫಿನ್ ಎಂಬ ಫೈಬರ್ ಕಾರನ್ನು ಹೊರತಂದಿತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಅದನ್ನು ಕೇಳುವವರು ವಿರಳವಾದರು. ಹಗುರವಾಗಿದ್ದ ಅದನ್ನು ರ‍್ಯಾಲಿಯವರು ಮೆಚ್ಚಿದರು. ಸಂಸಾರಸ್ಥರು ಮಾತ್ರ ತಗಡನ್ನೇ ನೆಚ್ಚಿದರು.

ಇನ್ನು ಕೆಲಸದ ಮಾತು. ಮೊದಲ ತೊಡಕು ಅಳತೆಯದು. ಲ್ಯಾಂಬೋರ್ಗಿನಿ ಅವೆಂಟಡೋರ್ ಕಾರಿನ ಮುಂದಿನ ಗಾಲಿಯಿಂದ ಹಿಂದಿನ ಗಾಲಿಗೆ 2700 ಮಿಲಿಮೀಟರ್. 2005ರ ಸ್ವಿಫ್ಟಿನಲ್ಲಿ ಅದು 2390 ಮಾತ್ರ. ಅಗಲ ಅಲ್ಲಿ 2030, ಇಲ್ಲಿ 1690. ಎತ್ತರವಾದರೋ ಅಲ್ಲಿ 1136, ಇಲ್ಲಿ ಒಂದೂವರೆ ಮೀಟರಿಗೂ ಹೆಚ್ಚು. ಎಂದರೆ ಕಾರನ್ನು ಉದ್ದ ಮಾಡಬೇಕು, ಅಗಲಿಸಬೇಕು, ಸುಮಾರು ಒಂದು ಮೊಳ ತಗ್ಗಿಸಬೇಕು. ಮುಂಭಾಗದಲ್ಲಿ ನೆಟ್ಟಗೆ ನಿಂತಿರುವ ಎಂಜಿನ್ನಿನ ಮೇಲೆ ಹಾವಿನ ಹೆಡೆಯಂತೆ ಚಪ್ಪಟೆಯಾದ ಮೂತಿ ಕೂರುವುದಾದರೂ ಹೇಗೆ? ಆಸನ ಹಿಂದಕ್ಕೆ ಸರಿದರೆ ಸ್ಟೀರಿಂಗ್ ದಂಡವನ್ನು ಬೆಸೆದು ಉದ್ದ ಮಾಡಬೇಕು, ಪೆಡಲುಗಳನ್ನು ಕದಲಿಸಬೇಕು, ರೇಡಿಯೇಟರಿಗೆ ಗಾಳಿಯ ದಾರಿ ಹುಡುಕಬೇಕು. 2006ರಲ್ಲಿ ನಮ್ಮ ದೇಶಕ್ಕೆ ಬಂದ ಹೋಂಡಾ ಸಿವಿಕ್‌ನ ಗಾಲಿಗಳ ಅಂತರ ಕಾಕತಾಳೀಯವಾಗಿ ಅದೇ 2700. ಆದರೆ ಅದರ ಎಂಜಿನ್ನೂ ಮುಂದೆಯೇ.

ಹೊರಮೈಯ ಕೆಲಸ ಸಾವಕಾಶದ್ದು. ಮೊದಲು ಥರ್ಮಾಕೋಲು, ಮರದ ಪಟ್ಟಿ, ಪ್ಲಾಸ್ಟರ್, ಜೇಡಿಮಣ್ಣುಗಳಿಂದ ಪೂರ್ಣ ಅಳತೆಯ ಮಾದರಿಯನ್ನು ಕಟ್ಟಿ, ಪುಟ್ಟಿ ಹಚ್ಚಿ, ಬೆರಳಿಗೆ ಎಲ್ಲಿಯೂ ಉಬ್ಬುತಗ್ಗು ತಾಗದಂತೆ ಉಜ್ಜಬೇಕು. ಅನಂತರ ಮೇಣ ಸವರಿ ಅದರ ಮೇಲೆ ಅಚ್ಚು ತೆಗೆಯಬೇಕು. ಆ ಅಚ್ಚಿನೊಳಗೆ ಜೆಲ್‌ಕೋಟ್ ಬಳಿದು, ಫೈಬರ್ ಮ್ಯಾಟನ್ನು ರೆಸಿನ್ನಿನಲ್ಲಿ ನೆನೆಸಿ ಪದರ ಪದರವಾಗಿ ಹಾಸಿ, ರೋಲರಿನಿಂದ ಗಾಳಿಗುಳ್ಳೆಗಳನ್ನು ಒತ್ತಿ ತೆಗೆಯಬೇಕು. ಬೀದರಿನ ಜನರಿಗೆ ಅಚ್ಚಿನ ಮರ್ಮವನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ನಮ್ಮ ಬಿದರಿ ಕುಶಲಿಗಳು ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರವನ್ನು ಬೆರೆಸಿ ಮರಳಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಪಾತ್ರೆ ಹೊರಬಂದಾಗ ಆ ಅಚ್ಚು ಒಡೆದುಹೋಗುತ್ತದೆ. ಫೈಬರ್ ಅಚ್ಚು ಉಳಿಯುತ್ತದೆ, ಅದೇ ಅದರ ಲಾಭ. ಮಾದರಿಯಲ್ಲಿದ್ದ ಕುಂದೂ ಪ್ರತಿಯೊಂದು ಹೊದಿಕೆಯ ಮೇಲೆ ಮೂಡುತ್ತಲೇ ಇರುತ್ತದೆ, ಇದು ಅದರ ಶಾಪ. ಹವೆಯನ್ನೂ ಗಮನಿಸಬೇಕು. ರೆಸಿನ್ನಿಗೆ ಬೆರೆಸುವ ಹಾರ್ಡನರ್ ಸಾಮಾನ್ಯವಾಗಿ ನೂರಕ್ಕೆ ಒಂದೆರಡು ಪಾಲು. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಅದನ್ನು ತಗ್ಗಿಸದಿದ್ದರೆ ಕೈಯಲ್ಲಿರುವ ಡಬ್ಬಿಯಲ್ಲಿಯೇ ರೆಸಿನ್ ಗಟ್ಟಿಯಾಗಿ ಹೊಗೆಯಾಡುತ್ತದೆ. ಮಳೆಗಾಲದಲ್ಲಿ ಮೇಲ್ಮೈ ಅಂಟಂಟಾಗಿಯೇ ಉಳಿಯುವುದುಂಟು.

ಇಷ್ಟೆಲ್ಲ ಕಣ್ಣಿಗೆ ಕಾಣುವ ಕೆಲಸ. ಪ್ರಾಣ ನಿಂತಿರುವುದು ಕಾಣದ ಕೆಲಸದ ಮೇಲೆ. ಇಂದಿನ ಕಾರಿಗೆ ಲಾರಿಯಂತೆ ಬೇರೆ ಚಾಸಿ ಇಲ್ಲ. ನೆಲ, ಕಂಬ, ಮಾಳಿಗೆಗಳು ಕೂಡಿ ಒಂದೇ ಪೆಟ್ಟಿಗೆಯಾಗಿ ಬಲವನ್ನು ಹೊರುತ್ತವೆ. ಸ್ವಿಫ್ಟಿನ ಮಾಳಿಗೆಯನ್ನು ಗರಗಸದಿಂದ ಕೊಯ್ದ ಗಳಿಗೆಯಲ್ಲಿಯೇ ಆ ಪೆಟ್ಟಿಗೆ ಮುಚ್ಚಳವಿಲ್ಲದ ರಟ್ಟಿನ ಡಬ್ಬಿಯಂತಾಗುತ್ತದೆ. ಚೌಕದ ಪೈಪುಗಳನ್ನು ವೆಲ್ಡ್ ಮಾಡಿ ಗೂಡು ಕಟ್ಟಬಹುದು, ನಿಜ. ಆದರೆ ಅಪಘಾತದಲ್ಲಿ ಆ ಗೂಡು ಎಲ್ಲಿ ಮಡಚೀತು, ಎಲ್ಲಿ ಮುರಿದೀತು ಎಂಬುದನ್ನು ಪರೀಕ್ಷಿಸಿದವರು ಯಾರೂ ಇಲ್ಲ. ಮೂಲ ಕಾರಿನ ಮೂತಿ ಪೆಟ್ಟು ನುಂಗಲೆಂದೇ ರಚಿತವಾದದ್ದು. ಹೊಸ ಫೈಬರ್ ಮೂತಿಗೆ ಆ ಗುಣವಿಲ್ಲ. ಮಗನು ಪಕ್ಕದ ಆಸನದಲ್ಲಿ ತಂಗಿಯನ್ನು ಕೂರಿಸಿಕೊಂಡು ಹೊರಟಾನೆಂಬುದನ್ನು ತಂದೆತಾಯಿಯರು ನೆನೆಯಲಿ.

ಗುರುಮಠದಲ್ಲಿ ತತ್ವಶಾಸ್ತ್ರ ಓದುವ ದಿನಗಳಲ್ಲಿ ನಮಗೆ ದ್ರವ್ಯ ಮತ್ತು ರೂಪಗಳ ಪಾಠವಿತ್ತು. ಅರಿಸ್ಟಾಟಲನ ದೃಷ್ಟಿಯಲ್ಲಿ ರೂಪವೆಂದರೆ ಹೊರಗಿನ ಆಕಾರವಲ್ಲ; ವಸ್ತುವನ್ನು ಆ ವಸ್ತುವನ್ನಾಗಿಸುವ ತತ್ವ. ಕಲ್ಲಿನ ಕೈ ಹೆಸರಿಗೆ ಮಾತ್ರ ಕೈ, ಏಕೆಂದರೆ ಅದು ಹಿಡಿಯಲಾರದು. ಈ ಪಾಠದ ಪ್ರಕಾರ ನಮ್ಮ ಹುಡುಗರು ಕಟ್ಟುವುದು ಹೆಸರಿಗೆ ಮಾತ್ರ ಲ್ಯಾಂಬೋರ್ಗಿನಿ. ಓಡುವುದು, ನಿಲ್ಲುವುದು, ಎಣ್ಣೆ ಕುಡಿಯುವುದೆಲ್ಲ ಸ್ವಿಫ್ಟೇ. ವಿಚಿತ್ರವೆಂದರೆ ನಮ್ಮ ಕಾಯಿದೆಯೂ ಬಹುಮಟ್ಟಿಗೆ ಇದನ್ನೇ ಹೇಳುತ್ತದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ತಯಾರಕರು ಮೊದಲು ನಮೂದಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ಮಾಲೀಕನು ವಾಹನವನ್ನು ಬದಲಿಸಕೂಡದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಬಿಗಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಬದಲಾವಣೆಗೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೆ ಬದಲಾವಣೆಯೊಂದಕ್ಕೆ ಐದು ಸಾವಿರ ರೂಪಾಯಿ ದಂಡ, ಇಲ್ಲವೆ ಎರಡೂ. ಬಣ್ಣ ಬದಲಿಸುವುದಕ್ಕೆ, ಅಂಗವಿಕಲರಿಗಾಗಿ ಅನುಮತಿ ಪಡೆದು ಮಾರ್ಪಡಿಸುವುದಕ್ಕೆ ಅವಕಾಶವುಂಟು. ಇಡೀ ಮೈಯನ್ನೇ ಬದಲಿಸುವುದು ಈ ಅವಕಾಶದೊಳಗೆ ಬಾರದು. ಬೀದರಿನ ಕೆಎ 38 ಇರಲಿ, ಭಾಲ್ಕಿಯ ಕೆಎ 39 ಇರಲಿ, ಆ ಫಲಕ ಹೊತ್ತ ಕಾರು ಆರ್‌ಸಿಯಲ್ಲಿರುವಂತೆ ಇರಬೇಕು. ಇಲ್ಲವಾದರೆ ಅಪಘಾತದ ದಿನ ವಿಮೆಯವರೂ ಕೈ ಚೆಲ್ಲಬಹುದು.

ಲಾಂಛನದ ಪ್ರಶ್ನೆಯೂ ಇದೆ. ತನ್ನ ಕಾರುಗಳ ಫೈಬರ್ ಪ್ರತಿಕೃತಿಗಳನ್ನು ಮಾರುತ್ತಿದ್ದ ಅಮೆರಿಕದ ವ್ಯಾಪಾರಿಯೊಬ್ಬನ ಮೇಲೆ ಫೆರಾರಿ ಸಂಸ್ಥೆ ಹೂಡಿದ ದಾವೆಯಲ್ಲಿ 1991ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಫೆರಾರಿಯ ಪರವಾಗಿ ತೀರ್ಪಿತ್ತಿತು. ಕೊಳ್ಳುವವನಿಗೆ ನಕಲೆಂದು ತಿಳಿದಿದ್ದರೂ ಬೀದಿಯಲ್ಲಿ ನೋಡುವವರು ಮೋಸಹೋಗುತ್ತಾರಲ್ಲ ಎಂಬುದು ಅದರ ತರ್ಕ. 2019ರಲ್ಲಿ ಬ್ರೆಜಿಲ್ಲಿನ ಪೊಲೀಸರು ನಕಲಿ ಫೆರಾರಿ, ಲ್ಯಾಂಬೋರ್ಗಿನಿಗಳ ಗುಪ್ತ ಕಾರ್ಖಾನೆಯೊಂದನ್ನೇ ಮುಚ್ಚಿಸಿದರು. ಮನೆಯ ಅಂಗಳಕ್ಕೆಂದು ಒಂದನ್ನು ಕಟ್ಟಿಕೊಳ್ಳುವುದು ಬೇರೆ. ಗೂಳಿಯ ಲಾಂಛನ ಅಂಟಿಸಿ ಮಾರಾಟಕ್ಕೆ ನಿಲ್ಲಿಸುವುದು ಬೇರೆ.

ಆದುದರಿಂದ ತಂದೆತಾಯಿಯರಿಗೆ ನಮ್ಮ ಉತ್ತರ: ಹೊಲವನ್ನು ಅಡವಿಡಬೇಡಿ. ರಸ್ತೆಗಿಳಿಸಲಾಗದ, ಮಾರಲೂ ತೊಡಕಾದ ವಸ್ತುವಿಗೆ ಔರಾದಿನ ಎರೆಭೂಮಿ ಬಲಿಯಾಗುವುದು ನಮಗೆ ಒಪ್ಪಿಗೆಯಿಲ್ಲ. ಹುಡುಗರಿಗೆ ಮಾತ್ರ ನಾವು ಬೇಡವೆನ್ನಲಾರೆವು. ಬೀದರಿನಲ್ಲಿ, ಭಾಲ್ಕಿಯಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. 2007ರಿಂದ ನಡೆದುಬಂದ ಬಾಹಾ ಸ್ಪರ್ಧೆಯಲ್ಲಿ ದೇಶದ ವಿದ್ಯಾರ್ಥಿಗಳು ತಾವೇ ಪೈಪಿನ ಗೂಡು ಕಟ್ಟಿ, ತಜ್ಞರ ತಪಾಸಣೆಗೆ ಒಪ್ಪಿಸಿ, ಮುಚ್ಚಿದ ಅಂಗಣದಲ್ಲಿ ಓಡಿಸುತ್ತಾರೆ. ಕಾಲೇಜಿಗೆ ಹೋಗದ ಗ್ಯಾರೇಜಿನ ಹುಡುಗ ಮೊದಲು ಸ್ಕೂಟರಿನ ಮಡ್‌ಗಾರ್ಡಿನ ಅಚ್ಚು ತೆಗೆಯಲಿ, ಅನಂತರ ಟ್ರ್ಯಾಕ್ಟರಿನ ಬಾನೆಟ್ಟಿನದು. ಒಡೆದ ಟ್ರ್ಯಾಕ್ಟರ್ ಬಾನೆಟ್ಟುಗಳಿಗೆ ನಮ್ಮ ಮೂರೂ ಊರುಗಳಲ್ಲಿ ಬರವಿಲ್ಲ, ಆ ಕೆಲಸಕ್ಕೆ ದುಡ್ಡು ಕೊಡುವವರೂ ಇದ್ದಾರೆ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡಬೇಕು. ರೆಸಿನ್ನಿಗೆ ಸೇರಿಸುವ ಕೋಬಾಲ್ಟ್ ದ್ರವವನ್ನೂ ಹಾರ್ಡನರನ್ನೂ ಎಂದಿಗೂ ನೇರವಾಗಿ ಒಂದಕ್ಕೊಂದು ಬೆರೆಸಕೂಡದು, ಸಿಡಿಯುತ್ತವೆ. ಮೊದಲು ಒಂದನ್ನು ರೆಸಿನ್ನಿನಲ್ಲಿ ಚೆನ್ನಾಗಿ ಕಲಸಿ, ಅನಂತರ ಇನ್ನೊಂದನ್ನು ಹಾಕಬೇಕು. ಹಾರ್ಡನರಿನ ಹನಿಯೊಂದು ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋದೀತು. ಕನ್ನಡಕ ಧರಿಸದೆ, ಪಕ್ಕದಲ್ಲಿ ಒಂದು ಬಕೆಟ್ ಶುದ್ಧ ನೀರಿರಿಸಿಕೊಳ್ಳದೆ ಡಬ್ಬಿಯ ಮುಚ್ಚಳ ತೆರೆಯಬೇಡಿ. ಮ್ಯಾಟಿನ ಧೂಳಿಗೆ, ರೆಸಿನ್ನಿನ ಘಾಟಿಗೆ ಒಳ್ಳೆಯ ಮುಖವಾಡ ಬೇಕು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡರೆ ಸಾಲದು.