ಬಾಣಂತಿ ಮನೆಗೆ ಬಂದ ಮೇಲೆ

ನಮ್ಮ ಮಗಳಿಗೆ ಹೆರಿಗೆ ಆಯಿತು. ಎರಡು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ಆಮೇಲೆ ಡಾಕ್ಟರು ಚೀಟಿ ಬರೆದುಕೊಟ್ಟರು. ಕೂಸು, ಬಾಣಂತಿ ಮನೆಗೆ ಬಂದರು. ಇನ್ನು ಭಯ ಇಲ್ಲ ಅಂತ ನಾವು ಅಂದುಕೊಳ್ಳುತ್ತೇವೆ.

ಆದರೆ ಅಕ್ಕಂದಿರೇ, ಮೊದಲ ೪೨ ದಿನ ಬಹಳ ಜೋಪಾನ ಬೇಕು. ಜ್ವರ, ನಂಜು, ರಕ್ತಸ್ರಾವ ಮನೆಗೆ ಬಂದ ಮೇಲೂ ಆಗಬಹುದು.

ಡಾಕ್ಟರಿಗೆ ಮನೆ ಮನೆಗೆ ಬರಲು ಆಗುವುದಿಲ್ಲ. ಅದಕ್ಕೇ ಆಶಾ ಅಕ್ಕ ಬರುತ್ತಾರೆ. ಯಾವಾಗ? ಹೆರಿಗೆಯಾದ ೩, ೭, ೧೪, ೨೧, ೨೮ ಮತ್ತು ೪೨ನೇ ದಿನ. ಒಟ್ಟು ಆರು ಸಲ. ಇದಕ್ಕೆ ನಾವು ದುಡ್ಡು ಕೊಡಬೇಕಾಗಿಲ್ಲ.

ಬಂದು ಏನು ಮಾಡುತ್ತಾರೆ? ಕೂಸಿನ ತೂಕ ನೋಡುತ್ತಾರೆ. ಜ್ವರ ನೋಡುತ್ತಾರೆ. ಉಸಿರು ಎಣಿಸುತ್ತಾರೆ. ಹೊಕ್ಕಳು ನೋಡುತ್ತಾರೆ. ಮೊಲೆಹಾಲು ಸರಿಯಾಗಿ ಕುಡಿಯುತ್ತದೆಯೇ ಕೇಳುತ್ತಾರೆ. ಬಾಣಂತಿಯ ಆರೋಗ್ಯವನ್ನೂ ವಿಚಾರಿಸುತ್ತಾರೆ.

ಇದರಿಂದ ಲಾಭ ಉಂಟೇ? ಉಂಟು. ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯಲ್ಲಿ ಡಾಕ್ಟರ್ ಅಭಯ ಬಂಗ್, ರಾಣಿ ಬಂಗ್ ಎಂಬ ದಂಪತಿ ಇದ್ದಾರೆ. ಅವರು ೧೯೯೫ರಲ್ಲಿ ೩೯ ಹಳ್ಳಿಗಳಲ್ಲಿ ಊರಿನ ಹೆಣ್ಣುಮಕ್ಕಳಿಗೇ ಈ ಕೆಲಸ ಕಲಿಸಿದರು. ಮೂರು ವರ್ಷದಲ್ಲಿ ಹಸುಗೂಸುಗಳ ಸಾವು ಅರ್ಧಕ್ಕಿಂತ ಕಡಿಮೆ ಆಯಿತು. ೨೦೧೧ರಿಂದ ಸರಕಾರ ಈ ಕೆಲಸವನ್ನು ಆಶಾ ಅಕ್ಕಂದಿರಿಗೆ ವಹಿಸಿತು.

ಒಂದು ಮಾತು ನೆನಪಿರಲಿ. ನಮ್ಮ ಕಡೆ ಬಾಣಂತನ ತವರುಮನೆಯಲ್ಲಿ. ಹಿರೇಕೆರೂರ ಕಡೆ ಕೊಟ್ಟ ಮಗಳು ಸವಣೂರ ಕಡೆ ಬರುತ್ತಾಳೆ. ಹಾನಗಲ್ಲ ಕಡೆಯ ಸೊಸೆ ಶಿಗ್ಗಾವಿ ಕಡೆ ಹೋಗುತ್ತಾಳೆ. ಅವಳ ಹೆಸರು ಗಂಡನ ಊರಿನ ಆಶಾ ಅಕ್ಕನ ಪುಸ್ತಕದಲ್ಲಿ ಇರುತ್ತದೆ. ತವರಿನ ಆಶಾ ಅಕ್ಕನಿಗೆ ಗೊತ್ತೇ ಇರುವುದಿಲ್ಲ. ಅದಕ್ಕೆ ನಾವೇ ಹೋಗಿ ಹೇಳಬೇಕು. ತಾಯಿ ಕಾರ್ಡು, ಆಸ್ಪತ್ರೆ ಚೀಟಿ ಜೊತೆಗೇ ತರಬೇಕು.

ಕೆಲವು ಸಲ ಆಶಾ ಅಕ್ಕ ಬರುವ ದಿನದ ತನಕ ಕಾಯಬಾರದು. ಬಾಣಂತಿಗೆ ಜ್ವರ, ಬಹಳ ರಕ್ತ, ಕೆಟ್ಟ ವಾಸನೆ, ಫಿಟ್ಸು ಕಂಡರೆ ಆಸ್ಪತ್ರೆಗೆ ಒಯ್ಯಬೇಕು. ಕೂಸು ಹಾಲು ಕುಡಿಯದಿದ್ದರೆ, ಮೈ ತಣ್ಣಗಾದರೆ, ಜೋರಾಗಿ ಉಸಿರಾಡಿದರೆ ಕೂಡಲೇ ಒಯ್ಯಬೇಕು. ೧೦೮ಕ್ಕೆ ಫೋನ್ ಮಾಡಿದರೆ ಗಾಡಿ ಬರುತ್ತದೆ. ಅದಕ್ಕೂ ದುಡ್ಡಿಲ್ಲ.

"ಹಸಿ ಬಾಣಂತಿ, ಮೈ ಸ್ವಲ್ಪ ಬಿಸಿ ಇದ್ದೇ ಇರತೈತಿ" ಅಂತ ಹಿರಿಯರು ಅನ್ನಬಹುದು. ಹಂಗಂತ ಸುಮ್ಮನೆ ಕೂಡಬಾರದು.

ಈಗ ನಮಗೆ ಓದು ಬರುತ್ತದೆ. ಗೋಡೆಯ ಮೇಲಿನ ಕ್ಯಾಲೆಂಡರ್ ತೆಗೆಯೋಣ. ಆ ಆರು ದಿನಕ್ಕೆ ಗುರುತು ಹಾಕೋಣ. ಆಶಾ ಅಕ್ಕ ಬರದಿದ್ದರೆ ಹೋಗಿ ಕರೆದುಕೊಂಡು ಬರೋಣ.