ದುಆ ಇರಲಿ, ಮದ್ದೂ ಇರಲಿ

ಜ್ವರ ಬಂದರೆ ಡಾಕ್ಟ್ರು, ಕೈ ಮುರಿದರೆ ಎಕ್ಸ್‌ರೇ. ಆದರೆ ಮನೆಯ ಹುಡುಗ ರಾತ್ರಿಯಿಡೀ ನಿದ್ದೆ ಬಿಟ್ಟು ತನ್ನಷ್ಟಕ್ಕೇ ಮಾತಾಡತೊಡಗಿದರೆ ನಮ್ಮವರು ಮೊದಲು ಬರುವುದು ಉಸ್ತಾದರ ಹತ್ತಿರ. "ಕಣ್ಣು ಬಿದ್ದಿರಬೇಕು", "ಜಿನ್ನ್‌ನ ಉಪದ್ರ ಇರಬೇಕು" ಅನ್ನುತ್ತಾರೆ. ಒಂದು ನೂಲು, ಒಂದು ಬಾಟ್ಲಿ ಊದಿದ ನೀರು. ಅದರಲ್ಲಿ ಕಡಿಮೆಯಾಗದಿದ್ದರೆ ಇನ್ನೊಂದು ಊರು, ಮತ್ತೊಂದು ದರ್ಗಾ. ಕೊನೆಗೆ ಆಸ್ಪತ್ರೆ ಮೆಟ್ಟಿಲು ಹತ್ತುವಾಗ ವರ್ಷ ಎರಡು ದಾಟಿರುತ್ತದೆ, ಹೆಂಗಸರ ಚಿನ್ನವೂ ಕರಗಿರುತ್ತದೆ.

ಈ ಎರಡು ವರ್ಷ ಉಳಿಸುವ ದಾರಿ ನಮ್ಮ ಕೈಯಲ್ಲೇ ಇದೆ. ಸರ್ಕಾರದ ವ್ಯವಸ್ಥೆ ತಾಲೂಕಿನವರೆಗೆ ಬಂದಿದೆ. ತಾಲೂಕಿನಿಂದ ಮನೆಯವರೆಗಿನ ದಾರಿ ಮಾತ್ರ ನಮ್ಮ ಜಮಾಅತ್‌ನ ಅಂಗಳ ದಾಟಿಯೇ ಹೋಗಬೇಕು.

ನೀತಿ ಇದೆ, ಗೊತ್ತಿಲ್ಲ ಅಷ್ಟೆ

ದೇಶದ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದದ್ದು 1982ರಲ್ಲಿ. ಸಾಮಾನ್ಯ ಆಸ್ಪತ್ರೆಯ ಡಾಕ್ಟ್ರಿಗೇ ತರಬೇತಿ ಕೊಟ್ಟು ಹಳ್ಳಿಯಲ್ಲೇ ಚಿಕಿತ್ಸೆ ಕೊಡಬಹುದೆಂದು ಬೆಂಗಳೂರಿನ ನಿಮ್ಹಾನ್ಸ್‌ನವರು ತೋರಿಸಿಕೊಟ್ಟದ್ದು ನಮ್ಮದೇ ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿ. ಅದೇ ಮಾದರಿಯಲ್ಲಿ 1996ರಿಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 2014ರ ಅಕ್ಟೋಬರ್ 10ರಂದು ರಾಷ್ಟ್ರೀಯ ಮಾನಸಿಕ ಆರೋಗ್ಯ ನೀತಿ ಪ್ರಕಟವಾಯಿತು. 2017ರಲ್ಲಿ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬಂದು, ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕಾಯಿತು.

ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಪ್ರಾಯದವರಲ್ಲಿ 100ಕ್ಕೆ ಸುಮಾರು 10 ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇದೆ. ಅವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ. ಒಂದು ಜಮಾಅತ್‌ನಲ್ಲಿ 300 ಮಂದಿ ಪ್ರಾಯದವರಿದ್ದರೆ ಈ ಲೆಕ್ಕದಲ್ಲಿ 30 ಮಂದಿ ಆಯ್ತು. ಜುಮಾದ ದಿನ ಸಫ್‌ನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುವವರಲ್ಲೂ ಅವರಿದ್ದಾರೆ, ಮನೆಯೊಳಗೆ ಕದ ಹಾಕಿ ಕೂತವರಲ್ಲೂ ಇದ್ದಾರೆ.

ಏರ್ವಾಡಿಯ ಸಂಕೋಲೆ

2001ರ ಆಗಸ್ಟ್ 6ರ ಬೆಳಗಿನ ಜಾವ ತಮಿಳುನಾಡಿನ ಏರ್ವಾಡಿಯಲ್ಲಿ ಒಂದು ಸೋಗೆ ಮಾಡಿನ ಶೆಡ್ಡಿಗೆ ಬೆಂಕಿ ಬಿತ್ತು. ದರ್ಗಾಕ್ಕೆ ಹರಕೆ ಹೊತ್ತು ಬಂದ ಮನೆಯವರು ತಮ್ಮ ರೋಗಿಗಳನ್ನು ಅಲ್ಲೇ ಹತ್ತಿರದ ಈ ಖಾಸಗಿ ಆಶ್ರಯತಾಣದಲ್ಲಿ ಬಿಟ್ಟು ಹೋಗಿದ್ದರು. ಓಡಿಹೋಗದಂತೆ ಅವರ ಕಾಲಿಗೆ ಸಂಕೋಲೆ ಹಾಕಲಾಗಿತ್ತು. ಬೆಂಕಿ ಬಂದಾಗ ಓಡಲಾಗಲಿಲ್ಲ. 28 ಮಂದಿ ತೀರಿಕೊಂಡರು.

ಸುಪ್ರೀಂ ಕೋರ್ಟ್ ಈ ವಿಷಯವನ್ನು ತಾನಾಗಿಯೇ ಕೈಗೆತ್ತಿಕೊಂಡಿತು. ಇವತ್ತು 2017ರ ಕಾಯ್ದೆಯಲ್ಲಿ ಮಾನಸಿಕ ರೋಗಿಯನ್ನು ಯಾವ ರೀತಿಯಲ್ಲೂ ಸಂಕೋಲೆಯಲ್ಲಿ ಕಟ್ಟಿಹಾಕುವಂತಿಲ್ಲ. ಅದೇ ಏರ್ವಾಡಿಯಲ್ಲಿ, ಹಾಗೆಯೇ ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ, ಈಗ ಝಿಯಾರತ್‌ಗೆ ಬಂದವರಿಗೆ ಅಲ್ಲೇ ಮನೋವೈದ್ಯರ ಚಿಕಿತ್ಸೆಯೂ ಸಿಗುವ ಏರ್ಪಾಡು ನಡೆದಿದೆ. ಅದನ್ನು 'ದವಾ-ದುಆ' ಎಂದು ಕರೆಯುತ್ತಾರೆ. ಯಾರ ಈಮಾನ್‌ಗೂ ಅದರಿಂದ ಕುಂದು ಬಂದಿಲ್ಲ.

ಬರುವುದಾದರೂ ಹೇಗೆ? ಚಿಕಿತ್ಸೆ ಮಾಡಿಸಬಹುದೇ ಎಂದು ಕೇಳಿದವರಿಗೆ, ಮಾಡಿಸಿ ಎಂದೇ ಪ್ರವಾದಿ(ಸ)ರವರು ಹೇಳಿದ್ದು ಹದೀಸ್‌ನಲ್ಲಿದೆ. ಒಂಬತ್ತು-ಹತ್ತನೇ ಶತಮಾನದಲ್ಲಿದ್ದ ಅಬೂ ಝೈದ್ ಅಲ್ ಬಲ್ಖೀ ದೇಹದ ಆರೋಗ್ಯದ ಜೊತೆ ಮನಸ್ಸಿನ ಆರೋಗ್ಯದ ಮೇಲೂ ಕಿತಾಬ್ ಬರೆದರು. 1284ರಲ್ಲಿ ಕೈರೋದಲ್ಲಿ ಸುಲ್ತಾನ್ ಖಲಾವೂನ್ ಕಟ್ಟಿಸಿದ ಆಸ್ಪತ್ರೆಯಲ್ಲಿ ಮನೋರೋಗಿಗಳಿಗೆ ಪ್ರತ್ಯೇಕ ವಿಭಾಗವೇ ಇತ್ತು. ನಮ್ಮ ಹಿರಿಯರಿಗೆ ಅವತ್ತೇ ಗೊತ್ತಿದ್ದದ್ದನ್ನು ನಾವು ಇವತ್ತು ಮರ್ಲ್ ಎಂದು ಮುಚ್ಚಿಡುವುದು ಸರಿಯಾ?

ನೋಂಬು ಮತ್ತು ಮಾತ್ರೆ

ರಮಝಾನ್ ಬಂತೆಂದರೆ ಎಷ್ಟೋ ಮಂದಿ ಮಾತ್ರೆ ನಿಲ್ಲಿಸುತ್ತಾರೆ. ತಿಂಗಳು ಮುಗಿಯುವುದರೊಳಗೆ ಕಾಯಿಲೆ ಮರಳಿ ಬರಬಹುದು. ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರು ಇನ್ನೂ ಜಾಗ್ರತೆ ಇರಬೇಕು. ನೀರಿಲ್ಲದೆ ದೇಹ ಒಣಗಿದರೆ ಆ ಮದ್ದಿನ ಪ್ರಮಾಣ ರಕ್ತದಲ್ಲಿ ಏರಿ ಪ್ರಾಣಕ್ಕೇ ಅಪಾಯವಾಗಬಹುದು.

ಆದ್ದರಿಂದ ಶಅಬಾನ್‌ನಲ್ಲೇ ಡಾಕ್ಟ್ರನ್ನು ಕಾಣಿ. ಎಷ್ಟೋ ಮಾತ್ರೆಗಳನ್ನು ಸಹರಿ-ಇಫ್ತಾರ್ ಹೊತ್ತಿಗೆ ಹೊಂದಿಸಬಹುದು. ಆಗದು ಎಂದು ಡಾಕ್ಟ್ರು ಹೇಳಿದರೆ ರೋಗಿಗೆ ನೋಂಬು ಬಿಡುವ ವಿನಾಯಿತಿಯನ್ನು ಕುರ್‌ಆನೇ ಕೊಟ್ಟಿದೆ. ಗುಣವಾದ ಮೇಲೆ ಖಳಾ ವೀಟಬಹುದು. ಗುಣವಾಗುವ ನಿರೀಕ್ಷೆ ಇಲ್ಲದ ಕಾಯಿಲೆಗೆ ಶಾಫಿಈ ಮದ್‌ಹಬ್‌ನಲ್ಲಿ ದಿನಕ್ಕೊಂದು ಮುದ್ದ್ ಆಹಾರ ಫಿದ್ಯ ಇದೆ. ಅಲ್ಲಾಹು ಕೊಟ್ಟ ಸವಲತ್ತನ್ನು ಬೇಡ ಅನ್ನಲಿಕ್ಕೆ ನಾವು ಯಾರು?

ಬಾಣಂತಿಯ ಮೌನ

ಹೆರಿಗೆಯಾದ ಮನೆಯಲ್ಲಿ ನಲ್ವತ್ತರ ಆರೈಕೆಗೆ ನಮ್ಮಲ್ಲಿ ಯಾವ ಕೊರತೆಯೂ ಇಲ್ಲ. ಎಣ್ಣೆ, ಕಷಾಯ, ನೀರು ಎಲ್ಲ ಆಗುತ್ತದೆ. ಆದರೆ ಆ ಹೆಣ್ಣು ಕಾರಣವಿಲ್ಲದೆ ಅಳುತ್ತಿದ್ದಾಳಾ, ಮಗುವಿನ ಮುಖ ನೋಡಲೂ ಮನಸ್ಸಿಲ್ಲವಾ ಎಂದು ಯಾರು ನೋಡುತ್ತಾರೆ? ಗಂಡ ಗಲ್ಫಿನಲ್ಲಿ. ಫೋನಿನಲ್ಲಿ "ಎಲ್ಲ ಚೆನ್ನಾಗಿದೆ" ಎಂಬ ಮಾತು. ಹಿಂದಿನವರು ಬಾಣಂತಿ ಸನ್ನಿ ಎಂದು ಹೆದರುತ್ತಿದ್ದುದಕ್ಕೂ ಇವತ್ತು ಚಿಕಿತ್ಸೆ ಇದೆ, ಬೇಗ ಕೊಟ್ಟರೆ ಗುಣವೂ ಆಗುತ್ತದೆ. ಉಮ್ಮ, ಅತ್ತೆ ಇದನ್ನು ಸೊಕ್ಕು ಅನ್ನಬಾರದು.

ಎಲ್ಲಿಗೆ ಹೋಗುವುದು?

ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡಿದೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯರಲ್ಲಿ ಕೇಳಿ. ಹೊರಗೆ ಹೋಗಲಾಗದವರಿಗೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಇದೆ. 2022ರಲ್ಲಿ ಶುರುವಾದ ಈ ಸೇವೆಗೆ 14416ಕ್ಕೆ ಫೋನ್ ಮಾಡಿದರೆ ದಿನದ 24 ಗಂಟೆಯೂ ಉಚಿತ. ಕನ್ನಡದಲ್ಲೇ ಮಾತಾಡಬಹುದು.

"ಊರಿಗೆ ಗೊತ್ತಾದರೆ ತಂಗಿಯ ಮದುವೆ ಹೇಗೆ?" ಎಂಬ ಹೆದರಿಕೆ ದೊಡ್ಡದು. ರೋಗಿಯ ವಿಷಯ ಗುಟ್ಟಾಗಿಡಬೇಕೆಂದು ಕಾಯ್ದೆಯೇ ಹೇಳುತ್ತದೆ. ಪ್ರಾಣ ಕಳೆದುಕೊಳ್ಳಲು ಹೋದವರ ಮನೆಯವರೂ ಪೊಲೀಸ್ ಕೇಸಿಗೆ ಹೆದರಿ ಮುಚ್ಚಿಡಬೇಕಾಗಿಲ್ಲ. ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಕಾನೂನು ಭಾವಿಸುತ್ತದೆ. ಅವರಿಗೆ ಆರೈಕೆ ಕೊಡುವುದು ಸರ್ಕಾರದ ಹೊಣೆ.

ನಮ್ಮ ಪಾಲಿನ ಕೆಲಸ

ದೇಶದಲ್ಲಿ ಲಕ್ಷ ಜನರಿಗೆ ಒಬ್ಬ ಮನೋವೈದ್ಯರೂ ಇಲ್ಲ. ಉಸ್ತಾದರು ಊರೂರಿಗೂ ಇದ್ದೇವೆ. ನಾವು ಡಾಕ್ಟ್ರಾಗಬೇಕಾಗಿಲ್ಲ. ವಾರಗಟ್ಟಲೆ ನಿದ್ದೆ-ಊಟ ಬಿಟ್ಟವರು, ಇಲ್ಲದ ದನಿ ಕೇಳುತ್ತದೆ ಅನ್ನುವವರು, ಸಾಯುವ ಮಾತಾಡುವವರು ಬಂದರೆ ದುಆ ಮಾಡಿ, ಆಮೇಲೆ "ಈ ಮಂಗಳವಾರ ಆಸ್ಪತ್ರೆಗೆ ಹೋಗಿ ಬನ್ನಿ" ಎಂದು ಹೇಳಿದರೆ ಸಾಕು. ಸಾಯುವ ಮಾತು ಬಂದಿದ್ದರೆ ಮಂಗಳವಾರಕ್ಕೂ ಕಾಯುವುದು ಬೇಡ, ಅವತ್ತೇ ಕಳಿಸಬೇಕು, ಒಬ್ಬರನ್ನೇ ಬಿಡಬಾರದು. ಮಾತ್ರೆ ನಿಲ್ಲಿಸಿ ಎಂಬ ಮಾತು ನಮ್ಮ ಬಾಯಿಂದ ಬರಲೇಬಾರದು.

ಜಮಾಅತ್ ಕಮಿಟಿಯವರು 14416 ನಂಬರನ್ನು ಮಸೀದಿಯ ನೋಟಿಸ್ ಬೋರ್ಡಿನಲ್ಲಿ ಬರೆದು ಹಾಕಲಿ. ಖತೀಬರು ಒಂದು ಜುಮಾದಲ್ಲಿ ಐದು ನಿಮಿಷ ಇದೇ ವಿಷಯ ಹೇಳಲಿ. ಬಡವರಿಗೆ ತಾಲೂಕಿಗೆ ಹೋಗಿ ಬರುವ ಬಸ್ ಖರ್ಚು ಕೊಡುವುದೂ ಸ್ವದಖವೇ. ದೆಹಲಿಯಲ್ಲಿ ಬರೆದ ನೀತಿ ನಮ್ಮ ಊರಲ್ಲಿ ಜಾರಿಯಾಗುವುದು ಹೀಗೆ.

ಅಲ್ಲಾಹು ಎಲ್ಲರಿಗೂ ಆಫಿಯತ್ ಕೊಡಲಿ. ಆಮೀನ್.